ಉಯೆನೋ ನಿಲ್ದಾಣದವರೆಗೆ ಬಂದ ಉಪಾಧ್ಯಾಯರು

1954ನೆಯ ಇಸವಿ ಏಪ್ರಿಲ್ 5ರಂದು, ಹೊನ್ಶೂ ದ್ವೀಪದ ಉತ್ತರಾಗ್ರದಲ್ಲಿರುವ ಅಓಮೊರಿಯಿಂದ ಟೋಕಿಯೋದ ಉಯೆನೋ ನಿಲ್ದಾಣಕ್ಕೆ ಹೊರಟ ಒಂದು ವಿಶೇಷ ರೈಲುಗಾಡಿಯಲ್ಲಿ, ಆಗಷ್ಟೇ ಮಾಧ್ಯಮಿಕ ಶಾಲೆಯನ್ನು ಮುಗಿಸಿದ್ದ 600ಕ್ಕೂ ಮಿಕ್ಕ ಬಾಲಕ ಬಾಲಿಕೆಯರು ಪಯಣಿಸಿದರು. ವಯಸ್ಸು ಹದಿನೈದರ ಆಸುಪಾಸು. ಮೈಮೇಲೆ ಶಾಲೆಯ ಸಮವಸ್ತ್ರ. ಸುಮಾರು 21 ಗಂಟೆಗಳ ಆ ಪ್ರಯಾಣದ ಕೊನೆಯಲ್ಲಿ ಅವರನ್ನು ಎದುರುಗೊಂಡವರು ಬಂಧುಗಳಲ್ಲ, ಅಂಗಡಿ ಕಾರ್ಖಾನೆಗಳ ಯಜಮಾನರು. ಇಂತಹ ಗಾಡಿಗಳಲ್ಲಿ ಮಕ್ಕಳೊಡನೆ ಉಪಾಧ್ಯಾಯರೂ ಬರುತ್ತಿದ್ದರೆಂಬ ಸಂಗತಿಯೇ ನನ್ನ ಮನಸ್ಸನ್ನು ಬಹುವಾಗಿ ಹಿಡಿದು ನಿಲ್ಲಿಸಿತು.

ಜಪಾನೀ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು 1872ರ ಶಿಕ್ಷಣ ಶಾಸನದಿಂದ ಆರಂಭಿಸಿ, ಪ್ರಥಮ ಶಿಕ್ಷಣ ಸಚಿವ ಮೋರಿ ಅರಿನೋರಿಯ ಸುಧಾರಣೆಗಳನ್ನು ವರ್ಣಿಸುತ್ತಾರೆ. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಅಲ್ಲಿಗೆ ಹೋಗಿ ಕಂಡು ಮೆಚ್ಚಿದುದು ಆ ಸುಧಾರಣೆಗಳ ಫಲವನ್ನೇ. ಆದರೆ ಶಾಲೆಗೂ ಉದ್ಯೋಗಕ್ಕೂ ಬಿದ್ದ ಗಂಟಿನ ಸ್ವರೂಪವು ತಿಳಿಯಬೇಕಾದರೆ ಯುದ್ಧಾನಂತರದ ಈ ಗಾಡಿಗಳನ್ನೇ ನೋಡಬೇಕು.

1947ರಲ್ಲಿ ಒಂಬತ್ತು ವರ್ಷಗಳ ಶಿಕ್ಷಣವು ಕಡ್ಡಾಯವಾಯಿತು. ಸರ್ಕಾರದ ಉದ್ಯೋಗ ಕಚೇರಿಯೂ ಶಾಲೆಯೂ ಕೈಜೋಡಿಸಿ, ಯಾವ ವಿದ್ಯಾರ್ಥಿ ಯಾವ ಕೆಲಸಕ್ಕೆ ಸೇರಬೇಕೆಂಬುದನ್ನು ಶಾಲೆ ಮುಗಿಯುವ ಮೊದಲೇ ಗೊತ್ತುಮಾಡುತ್ತಿದ್ದವು. ತರಗತಿಯನ್ನು ತಾವೇ ಗುಡಿಸಿ ಒರೆಸುವುದು, ಮಧ್ಯಾಹ್ನದ ಊಟವನ್ನು ಸರದಿಯ ಮೇಲೆ ಬಡಿಸುವುದು, ಹೊತ್ತಿಗೆ ಸರಿಯಾಗಿ ಬರುವುದು, ಗುಂಪಿನ ಕೆಲಸಕ್ಕೆ ಹೊಣೆಯಾಗುವುದು—ಇವು ಶಾಲೆ ಕಲಿಸಿದ ವಿದ್ಯೆಗಳು. ಕಸುಬನ್ನು ಕಲಿಸುವುದು ಯಜಮಾನನ ಪಾಲಿನ ಕರ್ತವ್ಯ. ‘ಚಿನ್ನದ ಮೊಟ್ಟೆ’ಗಳೆಂದು ಪತ್ರಿಕೆಗಳು ಕೊಂಡಾಡಿದ ಆ ಮಕ್ಕಳಲ್ಲಿ ಅನೇಕರು ಸಣ್ಣ ಅಂಗಡಿಗಳ ದೀರ್ಘ ದುಡಿಮೆಯನ್ನು ತಾಳಲಾರದೆ ಕೆಲಸ ಬಿಟ್ಟರೆಂಬುದನ್ನೂ, ಓದಿನ ಹಂಬಲವುಳ್ಳವರು ಹಗಲೆಲ್ಲ ದುಡಿದು ಸಂಜೆಯ ಪ್ರೌಢಶಾಲೆಗೆ ನಡೆದರೆಂಬುದನ್ನೂ ಮರೆಯಲಾಗದು.

1970ರ ದಶಕದ ನಡುವೆ ಪ್ರೌಢಶಾಲೆಗೆ ಸೇರುವವರು ನೂರಕ್ಕೆ 90ನ್ನು ಮೀರಿದರು. 1975ರಲ್ಲಿ ಆ ಗಾಡಿಗಳೂ ನಿಂತವು. ಶಾಲೆಯ ಮೂಲಕವೇ ಕೆಲಸಕ್ಕೆ ಸೇರುವ ಏರ್ಪಾಡು ಮಾತ್ರ ಪ್ರೌಢಶಾಲೆಗೆ ಏರಿ ಉಳಿಯಿತು: ವಿದ್ಯಾರ್ಥಿಯು ಮೊದಲಿಗೆ ಒಂದೇ ಕಂಪೆನಿಗೆ, ಅದೂ ಶಾಲೆಯ ಶಿಫಾರಸಿನೊಡನೆ, ಅರ್ಜಿ ಹಾಕಬೇಕು.

1990ರ ದಶಕದಲ್ಲಿ ಆರ್ಥಿಕ ಕುಸಿತವುಂಟಾಗಿ ಕಂಪೆನಿಗಳು ಖಾಯಂ ನೇಮಕವನ್ನು ಕಡಿತಗೊಳಿಸಿದಾಗ, ದೋಷವು ಪಾಠಪಟ್ಟಿಯ ಮೇಲೆ ಬಿತ್ತು. ಬಾಯಿಪಾಠ ಹೆಚ್ಚೆಂದು 2002ರಲ್ಲಿ ಪಾಠಗಳನ್ನು ಇಳಿಸಿದರು. ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಸ್ಥಾನ ಕುಸಿದುದನ್ನು ಕಂಡು ಮತ್ತೆ ಏರಿಸಿದರು. ಕಸುಬು ಕಲಿಸುವ ತನ್ನ ಪಾಲಿನ ಕರ್ತವ್ಯವನ್ನು ಉದ್ಯಮವೇ ಕೈಬಿಟ್ಟಿರುವಾಗ, ಆಧುನಿಕ ಕಚೇರಿಗೆ ಮಕ್ಕಳು ಅಣಿಯಾಗಿಲ್ಲವೆಂದು ಶಾಲೆಯನ್ನು ದೂರುವುದು ನನಗೆ ಘೋರ ಅನ್ಯಾಯವಾಗಿ ತೋರುತ್ತದೆ.

ಒಂದೇ ಅರ್ಜಿಯ ಕಟ್ಟಳೆಯನ್ನು ಸಡಿಲಿಸಬೇಕೆಂಬ ವಾದ ಈಗ ಬಲಗೊಂಡಿದೆ. ಕೆಲವು ಪ್ರಾಂತಗಳಲ್ಲಿ ಅದು ಸಡಿಲವಾಗಿಯೂ ಇದೆ. ಎರಡು ಬಾಗಿಲು ತಟ್ಟುವ ಸ್ವಾತಂತ್ರ್ಯ ಆ ಹುಡುಗರಿಗೆ ಸಲ್ಲತಕ್ಕದ್ದೇ. ಆದರೆ ಅದರ ನೆಪದಲ್ಲಿ ಉಪಾಧ್ಯಾಯರನ್ನು ವಿದ್ಯಾರ್ಥಿಗಳನ್ನು ಕೆಲಸಕ್ಕೆ ಸೇರಿಸುವ ಹೊಣೆಯಿಂದ ಬಿಡಿಸಿದರೆ, ಸಂಪನ್ನರ ಮಕ್ಕಳಿಗೆ ದಾರಿ ತೋರುವವರು ಮನೆಯಲ್ಲಿಯೇ ಸಿಕ್ಕಾರು. ಅಓಮೊರಿಯ ಮೀನುಗಾರನ ಮಗನಿಗೆ ಸಿಕ್ಕುವುದಿಲ್ಲ.