ಹಿಮದ ನಾಡಿನ ಮನೆಯೊಳಗೆ ಮೆಣಸಿನ ಸಸಿ

ಜೋಳದ ರೊಟ್ಟಿಯ ತಾಟಿನಲ್ಲಿ ಖಾರಕ್ಕೆ ಮೀಸಲಾದ ಒಂದು ಮೂಲೆ ಇರುವುದು ನಮ್ಮ ಮನೆಗಳ ವಾಡಿಕೆ. ಹಣ್ಣುಮೆಣಸಿನಕಾಯಿಯ ರಂಜಕ, ಹಸಿಮೆಣಸಿನಕಾಯಿಯ ಖಾರ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಎಣ್ಣೆಗಾಯಿಗೆ ಹಾಕುವ ಮಸಾಲೆ ಖಾರ, ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಊಟ ಪೂರ್ಣವಾಯಿತೆಂದು ನಮಗೆ ಅನ್ನಿಸುವುದಿಲ್ಲ. ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳು ಷಿಕಾಗೊ, ಡೆಟ್ರಾಯಿಟ್, ಟೊರೊಂಟೊ, ಲಂಡನ್ ಮೊದಲಾದ ಚಳಿನಾಡಿನ ನಗರಗಳಲ್ಲಿ ನೆಲೆಸಿವೆ. ಅಲ್ಲಿ ಒಣಮೆಣಸಿನಕಾಯಿಗೂ ಖಾರದ ಪುಡಿಗೂ ಕೊರತೆಯಿಲ್ಲ. ಆದರೆ ಗಿಡದಲ್ಲಿಯೇ ಕೆಂಪಾದ ಬ್ಯಾಡಗಿಯ ತಾಜಾ ಹಣ್ಣುಮೆಣಸಿನಕಾಯಿ ಬೇಕೆಂದರೆ ಅದನ್ನು ಸ್ವತಃ ಬೆಳೆದುಕೊಳ್ಳುವುದೇ ದಾರಿ. ಆ ನೆಲದಲ್ಲಿ ಹೀಗೆ ಬೆಳೆಯಬಯಸುವವರು ಹಿಮ ಕರಗುವ ಮುನ್ನವೇ ಮನೆಯೊಳಗೆ ಸಸಿಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಆ ಬಗೆಯನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ಮಕ್ಕಳು ಪರದೇಶದಲ್ಲಿರುವ ತಂದೆತಾಯಿಗಳಿಗೂ ಇದು ಉಪಯುಕ್ತವಾದೀತು.

ಮೆಣಸಿನಕಾಯಿಯ ಹಿನ್ನೆಲೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ದಾಸೋಹಕ್ಕೆ ಮೆಣಸಿನಕಾಯಿಯ ಖಾರವಿರಲಿಲ್ಲ. ಆಗ ನಮ್ಮ ನಾಡಿನ ಅಡುಗೆಗೆ ಖಾರ ಕೊಡುತ್ತಿದ್ದದ್ದು ಮುಖ್ಯವಾಗಿ ಕರಿಮೆಣಸು. ಮೆಣಸಿನ ಗಿಡದ ತವರು ಅಮೆರಿಕ ಖಂಡ. ಮೆಕ್ಸಿಕೊದ ಜನರು ಅದನ್ನು ಸಾವಿರಾರು ವರ್ಷಗಳ ಹಿಂದೆಯೇ ಬೆಳೆಸುತ್ತಿದ್ದರು. 1492ರಲ್ಲಿ ಕೊಲಂಬಸನು ಅಮೆರಿಕವನ್ನು ತಲುಪಿದ ನಂತರ ಅದು ಯುರೋಪಿಗೆ ಬಂದಿತು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಪಶ್ಚಿಮ ಕರಾವಳಿಗೂ ಬಂದು ನೆಲೆಸಿತು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ನಮ್ಮವರು ಅದನ್ನು ‘ಮೆಣಸಿನಕಾಯಿ’ ಎಂದು ಕರೆದರು. ಕಾಲಾನಂತರ ಧಾರವಾಡ, ಹಾವೇರಿ, ಗದಗ ಭಾಗದ ಎರೆಭೂಮಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣದ, ಸಿಪ್ಪೆ ಸುಕ್ಕುಗಟ್ಟಿದ ಬ್ಯಾಡಗಿ ತಳಿ ಪ್ರಸಿದ್ಧವಾಯಿತು. ಅದರಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಿವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹೀಗೆ ಅಮೆರಿಕದಿಂದ ಬಂದು ನಮ್ಮದಾದ ಗಿಡವನ್ನು ನಮ್ಮ ಮಕ್ಕಳು ಇಂದು ಅದೇ ಅಮೆರಿಕದಲ್ಲಿ ಪುನಃ ಬಿತ್ತುತ್ತಿದ್ದಾರೆ.

ಮನೆಯೊಳಗೇಕೆ?

ನಮ್ಮ ಕಡೆ ಮುಂಗಾರು ಬಂದೊಡನೆ ಒಟ್ಲುಪಾತಿಯಲ್ಲಿ ಬೀಜ ಚೆಲ್ಲಿದರೆ ಸಾಕು, ಭೂಮಿಯ ಕಾವೇ ಅದನ್ನು ಮೊಳೆಯಿಸುತ್ತದೆ. ಷಿಕಾಗೊ ಪ್ರದೇಶದಲ್ಲಿ ಕೊರೆಯುವ ಇಬ್ಬನಿಯ ಭಯ ಮೇ ತಿಂಗಳವರೆಗೂ ಪೂರ್ತಿ ತೊಲಗುವುದಿಲ್ಲ. ಅಕ್ಟೋಬರಿನಲ್ಲಿ ಅದು ಮರಳಿ ಬರುತ್ತದೆ. ಮೆಣಸಿನ ಗಿಡ ಇಬ್ಬನಿಯ ಒಂದು ರಾತ್ರಿಯನ್ನೂ ತಾಳಲಾರದು. ಬೀಜ ನಾಟಿಗೆ ಬರುವ ಸಸಿಯಾಗಲು ಸುಮಾರು ಎರಡು ತಿಂಗಳು, ನಾಟಿಯಾದ ಮೇಲೆ ಕಾಯಿ ಬಲಿತು ಕೆಂಪಾಗಲು ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ಮೇ ಕೊನೆಯಲ್ಲಿ ಹೊರಗೆ ಬೀಜವನ್ನೇ ಬಿತ್ತಿದರೆ ಕಾಯಿ ಹಣ್ಣಾಗುವ ಮೊದಲೇ ಚಳಿ ಗಿಡವನ್ನು ಸುಟ್ಟುಬಿಡುತ್ತದೆ. ಆದ್ದರಿಂದ ಫೆಬ್ರವರಿಯ ಕೊನೆಯ ವಾರದಿಂದ ಮಾರ್ಚ್ ಮಧ್ಯದೊಳಗೆ ಮನೆಯೊಳಗೆ ಬಿತ್ತಬೇಕು. ಈ ಮೂರು ವಾರ ತಪ್ಪಿದರೆ ಆ ವರ್ಷ ಹಸಿರು ಕಾಯಿ ಸಿಕ್ಕೀತೇ ಹೊರತು ರಂಜಕಕ್ಕೆ ಬೇಕಾದ ಕೆಂಪು ಹಣ್ಣು ಸಿಗುವುದು ಕಷ್ಟ.

ಬೀಜದ ವಿಷಯ

ಊರಿನಿಂದ ಹೊರಡುವಾಗ ಚೀಲದ ಮೂಲೆಯಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಡುವ ಆಸೆ ಹಿರಿಯರಿಗೆ ಸಹಜ. ಆದರೆ ಹಾಗೆ ಮಾಡಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಮೆರಿಕ, ಬ್ರಿಟನ್ ಮತ್ತು ಯುರೋಪಿನ ದೇಶಗಳಿಗೆ ಬಿತ್ತನೆ ಬೀಜವನ್ನು ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಮೊದಲಾದ ನಿಯಮಗಳಿವೆ. ಇದು ಬರಿಯ ಕಾಗದದ ಕಟ್ಟುಪಾಡಲ್ಲ. ಇಸ್ರೇಲಿನಲ್ಲಿ 2014ರಲ್ಲಿ ಮೊದಲು ಕಂಡುಬಂದ, ಟೊಮೆಟೊ ಹಣ್ಣನ್ನು ಕಂದು ಸುಕ್ಕಾಗಿಸುವ ವೈರಸ್ ರೋಗವು ಮೆಣಸಿನ ಗಿಡಕ್ಕೂ ತಗಲುತ್ತದೆ, ಬೀಜದ ಮೂಲಕವೂ ಹರಡುತ್ತದೆ. ನಮ್ಮ ಒಂದು ಪೊಟ್ಟಣದಿಂದ ಅಲ್ಲಿಯ ರೈತನ ಬೆಳೆಗೆ ಕೇಡಾಗಬಾರದು. ಬ್ಯಾಡಗಿ ಬೀಜವನ್ನು ಆಯಾ ದೇಶದ ಬೀಜ ವ್ಯಾಪಾರಿಗಳಿಂದಲೇ ಕೊಳ್ಳುವುದು, ಒಮ್ಮೆ ಬೆಳೆದವರು ಅದೇ ದೇಶದ ಬಂಧುಗಳಿಗೆ ಹಂಚುವುದು ಸರಿಯಾದ ಮಾರ್ಗ.

ತಂಪಾದ ಒಣ ಜಾಗದಲ್ಲಿಟ್ಟ ಬೀಜ ಎರಡು ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ. ಸಂದೇಹವಿದ್ದರೆ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಪರೀಕ್ಷಿಸಬೇಕು. ಆರೇಳು ಮೊಳೆತರೆ ಬೀಜ ಯೋಗ್ಯ. ಬ್ಯಾಡಗಿಯ ಪಕ್ಕದಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆದಿದ್ದರೆ ಜೇನುನೊಣಗಳಿಂದ ಪರಾಗ ಬೆರೆತು ಮುಂದಿನ ವರ್ಷದ ಗಿಡ ಬೇರೆಯದೇ ಆಗಬಹುದು. ಆದ್ದರಿಂದ ಬೀಜಕ್ಕೆ ಇಡುವ ಗಿಡವನ್ನು ದೂರದಲ್ಲಿ ಬೆಳೆಸುವುದು ಒಳ್ಳೆಯದು.

ಕಾವು

ಮೆಣಸಿನ ಬೀಜಕ್ಕೆ ಮೊದಲು ಬೇಕಾದದ್ದು ಬೆಳಕಲ್ಲ, ಕಾವು. ಮಣ್ಣಿನ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 8 ದಿನಗಳಲ್ಲಿ ಮೊಳಕೆ ಕಾಣುತ್ತದೆ. 20 ಡಿಗ್ರಿಯಲ್ಲಿ 12-13 ದಿನ, 15 ಡಿಗ್ರಿಯಲ್ಲಿ 25 ದಿನಗಳಷ್ಟು ಹಿಡಿಯುತ್ತದೆ. 10 ಡಿಗ್ರಿಯಲ್ಲಿ ಮೊಳೆಯುವುದೇ ಇಲ್ಲ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಹೆಚ್ಚು ದಿನ ಕುಳಿತ ಬೀಜ ಕೊಳೆಯುವ ಸಂಭವವೂ ಹೆಚ್ಚು. ಚಳಿಗಾಲದಲ್ಲಿ ಕೋಣೆ ಬೆಚ್ಚಗಿದ್ದರೂ ಕಿಟಕಿಯ ಬಳಿ ಇಟ್ಟ ಒದ್ದೆ ಮಣ್ಣು ಕೋಣೆಗಿಂತ ತಂಪಾಗಿರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಇದಕ್ಕಾಗಿ ಸಸಿತಟ್ಟೆಯ ಕೆಳಗೆ ಹಾಸುವ ವಿದ್ಯುತ್ ಹೀಟ್ ಮ್ಯಾಟ್ ದೊರೆಯುತ್ತದೆ. ಉಷ್ಣತೆಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಜೊತೆಗಿದ್ದರೆ ಉತ್ತಮ. 20 ವ್ಯಾಟಿನ ಒಂದು ಮ್ಯಾಟು ದಿನವಿಡೀ ಉರಿದರೂ ಅರ್ಧ ಯೂನಿಟ್ಟಿನಷ್ಟೇ ವಿದ್ಯುತ್ತು ಖರ್ಚಾಗುತ್ತದೆ. ಮ್ಯಾಟು ಇಲ್ಲದವರು ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗವನ್ನು ಥರ್ಮಾಮೀಟರಿನಿಂದ ಅಳೆದು ನೋಡಿ ಆರಿಸಿಕೊಳ್ಳಬಹುದು.

ತೋಟದ ಮಣ್ಣನ್ನು ಒಳಗೆ ತರಬಾರದು. ಅದರೊಡನೆ ರೋಗವೂ ಬರುತ್ತದೆ. ತೆಂಗಿನ ನಾರಿನ ಪುಡಿಗೆ ಪರ್ಲೈಟ್ ಬೆರೆಸಿದ ಹಗುರ ಮಿಶ್ರಣವನ್ನು ನೀರಿನಲ್ಲಿ ಹದವಾಗಿ ಕಲಸಿ, ತೂತುಗಳಿರುವ ಸಣ್ಣ ಗುಣಿಗಳ ತಟ್ಟೆಗೆ ತುಂಬಬೇಕು. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬೀಜವನ್ನು ಗುಣಿಗೆ ಎರಡರಂತೆ ಅರ್ಧ ಸೆಂಟಿಮೀಟರಿನಷ್ಟು ಆಳದಲ್ಲಿ ಇಟ್ಟು, ಮೇಲೆ ಪಾರದರ್ಶಕ ಮುಚ್ಚಳ ಮುಚ್ಚಬೇಕು. ಎರಡೂ ಮೊಳೆತರೆ ಬಲವಾದುದನ್ನು ಉಳಿಸಿಕೊಂಡು ಇನ್ನೊಂದನ್ನು ಕತ್ತರಿಸಬೇಕು. ಕಿತ್ತರೆ ಉಳಿಯಬೇಕಾದುದರ ಬೇರೂ ಕದಲುತ್ತದೆ.

ಬೆಳಕು

ಮೊಳಕೆ ತಲೆಯೆತ್ತಿದ ದಿನವೇ ಮುಚ್ಚಳ ತೆಗೆದು ಬೆಳಕಿಗೆ ಇಡಬೇಕು. ಡಿಸೆಂಬರಿನ ಅತಿ ಚಿಕ್ಕ ದಿನದಂದೂ ಬೆಂಗಳೂರಿನಲ್ಲಿ ಹಗಲು 11 ಗಂಟೆಗಿಂತ ಹೆಚ್ಚಿರುತ್ತದೆ. ಅದೇ ದಿನ ಷಿಕಾಗೊದಲ್ಲಿ ಅದು ಸುಮಾರು 9 ಗಂಟೆ, ಲಂಡನ್ನಿನಲ್ಲಿ 8 ಗಂಟೆಗೂ ಕಡಿಮೆ. ಮಾರ್ಚಿನ ವೇಳೆಗೆ ಹಗಲು ಬೆಳೆದರೂ ಮೋಡ ಕವಿದ ಆಕಾಶದಡಿ ಕಿಟಕಿಯ ಗಾಜಿನೊಳಗೆ ಬರುವ ಬೆಳಕು ಸಸಿಗೆ ಸಾಲದು. ಆಗ ಅದು ಬೆಳಕನ್ನು ಹುಡುಕುತ್ತ ಉದ್ದಕ್ಕೆ ಸಣಕಲಾಗಿ ಬೆಳೆದು ಬಾಗಿ ಬೀಳುತ್ತದೆ. ಬಹಳ ಮನೆಗಳಲ್ಲಿ ಸಸಿ ಕೆಡುವುದು ಇಲ್ಲಿಯೇ.

ಸಾಧಾರಣ ಬಿಳಿ ಬೆಳಕಿನ ಎಲ್.ಇ.ಡಿ. ಟ್ಯೂಬುಗಳೇ ಸಾಕು. ಇವನ್ನು ಸಸಿಯ ತುದಿಯಿಂದ 8-10 ಸೆಂಟಿಮೀಟರ್ ಮೇಲೆ ತೂಗುಹಾಕಿ, ಸಸಿ ಬೆಳೆದಂತೆ ಎತ್ತರಿಸುತ್ತ ಹೋಗಬೇಕು. ದಿನಕ್ಕೆ 14ರಿಂದ 16 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ ಇರಬೇಕು. ರಾತ್ರಿಯಿಡೀ ಉರಿಸುವುದರಿಂದ ಲಾಭವಿಲ್ಲ. ಒಟ್ಟು 40 ವ್ಯಾಟಿನ ದೀಪ ಎರಡು ತಿಂಗಳು ಹೀಗೆ ಉರಿದರೆ 40 ಯೂನಿಟ್ಟಿನೊಳಗೆ ಮುಗಿಯುತ್ತದೆ. ಬೆಳಗಿನ ಲಿಂಗಪೂಜೆಗೆ ಏಳುವ ಹೊತ್ತಿಗೆ ದೀಪ ಹಚ್ಚಿ, ಮಲಗುವ ಮುನ್ನ ಆರಿಸುವ ರೂಢಿಯಿಟ್ಟುಕೊಂಡರೆ ಗಡಿಯಾರ ನೋಡಬೇಕಾದ ಅಗತ್ಯವಿರುವುದಿಲ್ಲ.

ಎಲ್ಲ ಗುಣಿಗಳಲ್ಲಿಯೂ ಮೊಳಕೆ ಬಂದ ಮೇಲೆ ಮ್ಯಾಟನ್ನು ತೆಗೆಯಬೇಕು. ಇನ್ನು ಮುಂದೆ ಹಗಲು 20ರಿಂದ 24, ರಾತ್ರಿ 16ರಿಂದ 18 ಡಿಗ್ರಿ ಸಾಕು. ಕಾವು ಹೆಚ್ಚಾಗಿ ಬೆಳಕು ಕಡಿಮೆಯಾದರೆ ಸಸಿ ಸೊರಗುತ್ತದೆ.

ನೀರು, ಗಾಳಿ, ರೋಗ

ಎಳೆಯ ಸಸಿ ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಒಂದೇ ರಾತ್ರಿಯಲ್ಲಿ ಮಲಗಿಬಿಟ್ಟರೆ ಅದು ಸಸಿ ಕೊಳೆರೋಗ. ಅತಿಯಾದ ತೇವ ಮತ್ತು ನಿಂತ ಗಾಳಿ ಈ ಶಿಲೀಂಧ್ರಗಳಿಗೆ ಅನುಕೂಲ. ಹೀಗೆ ಬಿದ್ದ ಸಸಿಯನ್ನು ಉಳಿಸಲಾಗದು, ಉಳಿದವನ್ನು ಕಾಪಾಡಬಹುದು. ನೀರನ್ನು ಮೇಲಿನಿಂದ ಸುರಿಯದೆ ಕೆಳಗಿನ ತಟ್ಟೆಗೆ ಹಾಕಿ, ಮಣ್ಣು ಹೀರಿಕೊಂಡ ಮೇಲೆ ಮಿಕ್ಕಿದ್ದನ್ನು ಚೆಲ್ಲಬೇಕು. ಮೇಲ್ಮಣ್ಣು ಒಣಗಿದ ಮೇಲೆಯೇ ಮತ್ತೆ ನೀರು. ಸಣ್ಣ ಫ್ಯಾನಿನ ಮೆಲುಗಾಳಿ ದಿನವೂ ಕೆಲವು ಗಂಟೆ ಬೀಸಿದರೆ ರೋಗ ದೂರವಾಗುತ್ತದೆ, ಕಾಂಡವೂ ಗಟ್ಟಿಯಾಗುತ್ತದೆ. ನಾಲ್ಕಾರು ನಿಜವಾದ ಎಲೆಗಳು ಮೂಡಿದಾಗ ದೊಡ್ಡ ಕುಂಡಕ್ಕೆ ಬದಲಿಸಿ, ಗೊಬ್ಬರದ ದ್ರಾವಣವನ್ನು ಅರ್ಧದಷ್ಟು ತೆಳುಮಾಡಿ ವಾರಕ್ಕೊಮ್ಮೆ ಕೊಡಬೇಕು.

ಹೊರಗಿನ ನೆಲಕ್ಕೆ

ದೀಪದಡಿ ಬೆಳೆದ ಸಸಿಯನ್ನು ನೇರವಾಗಿ ಬಿಸಿಲಿಗೆ ಇಟ್ಟರೆ ಎಲೆ ಬಿಳಿಚಿ ಸುಡುತ್ತದೆ. ಮೊದಲ ದಿನ ಒಂದು ಗಂಟೆ ನೆರಳಿನಲ್ಲಿ, ಮರುದಿನ ಇನ್ನಷ್ಟು ಹೊತ್ತು, ಹೀಗೆ 7ರಿಂದ 10 ದಿನಗಳಲ್ಲಿ ಬಿಸಿಲು ಗಾಳಿಗಳಿಗೆ ಪಳಗಿಸಬೇಕು. ರಾತ್ರಿಯ ಉಷ್ಣತೆ 13 ಡಿಗ್ರಿಗಿಂತ ಕೆಳಗಿಳಿಯದೆಂದು ಖಾತ್ರಿಯಾದ ಮೇಲೆಯೇ ನಾಟಿ. ನೆಲವಿಲ್ಲದವರು ಕುಂಡದಲ್ಲಿಯೂ ಬೆಳೆಯಬಹುದು. ಮೆಣಸು ಮೂಲತಃ ಹಲವು ವರ್ಷ ಬಾಳುವ ಗಿಡ. ಕುಂಡದ ಗಿಡವನ್ನು ಅಕ್ಟೋಬರಿಗೆ ಮುನ್ನ ಸವರಿ ಒಳಗಿಟ್ಟುಕೊಂಡರೆ ಮುಂದಿನ ವರ್ಷ ಬೇಗ ಕಾಯಿ ಬಿಡುತ್ತದೆ.

ಕಾಯಕ ಮತ್ತು ದಾಸೋಹ

ಒಕ್ಕಲುತನವನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಒಕ್ಕಲಿಗ ಮುದ್ದಣ್ಣನಂತಹ ಶರಣರ ಪರಂಪರೆ ನಮ್ಮದು. ಮಕ್ಕಳ ಮನೆಗೆಂದು ಪರದೇಶಕ್ಕೆ ಹೋದ ಹಿರಿಯರು ಚಳಿಗಾಲದ ತಿಂಗಳುಗಳನ್ನು ನಾಲ್ಕು ಗೋಡೆಗಳ ನಡುವೆ ಕಳೆಯಬೇಕಾಗುತ್ತದೆ. ಹೊಲಮನೆ ನೋಡಿಕೊಂಡು ಬಾಳಿದ ಕೈಗಳಿಗೆ ಕೆಲಸವಿಲ್ಲವೆಂಬ ಕೊರಗು ಸಣ್ಣದಲ್ಲ. ಸಸಿಯ ಬಣ್ಣ ನೋಡಿಯೇ ಅದರ ಹಸಿವು ಬಾಯಾರಿಕೆ ತಿಳಿಯಬಲ್ಲ ಇವರಿಗೆ ಒಂದು ಸಸಿತಟ್ಟೆಯ ಹೊಣೆ ಒಪ್ಪಿಸಿದರೆ ಅದು ನಿಜವಾದ ಕಾಯಕವಾಗುತ್ತದೆ. ಅಜ್ಜಿಯ ಮಗ್ಗುಲಲ್ಲಿ ನಿಂತ ಮೊಮ್ಮಗುವಿಗೆ ಮೊಳಕೆ, ಬೇರು, ಚಿಗುರು, ಹೀಚು ಎಂಬ ಕನ್ನಡದ ಮಾತುಗಳು ಪುಸ್ತಕವಿಲ್ಲದೆಯೇ ಬರುತ್ತವೆ.

ಮಾರ್ಚಿನ ಆರಂಭದಲ್ಲಿ ಬಿತ್ತಿದ ಸಸಿ ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಿಗೆ ಗೇಣುದ್ದ ಬೆಳೆದು ನಿಲ್ಲುತ್ತದೆ. ಬಸವ ಜಯಂತಿ ಬರುವುದೂ ಅದೇ ದಿನಗಳಲ್ಲಿ. ಮನೆಗೆ ಆರು ಗಿಡ ಸಾಕಾದರೆ ಹನ್ನೆರಡು ಬಿತ್ತಬೇಕು. ಮಿಕ್ಕ ಆರನ್ನು ಜಯಂತಿಯ ಸಭೆಗೆ ಒಯ್ದು, ಹೊಸದಾಗಿ ಬಂದು ನೆಲೆಸಿದ ಕುಟುಂಬಗಳಿಗೆ, ನೆರೆಯ ಅನ್ಯಭಾಷಿಕರಿಗೂ ಕೊಡಬೇಕು. ಕೊಡುವಾಗ ರಾತ್ರಿಯ ಚಳಿ ಪೂರ್ತಿ ಕಳೆಯುವವರೆಗೆ ಸಸಿಯನ್ನು ಒಳಗೇ ಇರಿಸಿಕೊಳ್ಳುವಂತೆ ಹೇಳಲು ಮರೆಯಬಾರದು.