ಬೇಗ ಬಂದರೂ ದಂಡ, ತಡವಾದರೂ ದಂಡ

ಪುಣೆಯಿಂದ ಮುಳಶಿಗೆ ಹೋಗುವ ದಾರಿಯಲ್ಲಿ, ಪಿರಂಗುಟ್ ದಾಟಿದ ಮೇಲೆ, ರಸ್ತೆ ಬದಿಗೆ ಒಂದು ಆಲದ ಮರವಿದೆ. ಹೋದ ವರ್ಷ ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಗೆರೆ ಎಳೆದ ಹಾಳೆ, ಮೈಮೇಲೆ ಕಣ್ಣು ಕುಕ್ಕುವ ಗುಲಾಬಿ ಟೀ ಶರ್ಟು. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟಿದ್ದ ಬೈಕಿನವರೊಬ್ಬರು ನಿಲ್ಲಿಸಿ, ರಸ್ತೆ ಅಗಲ ಮಾಡುವ ಸರ್ವೆಯೇ ಎಂದು ಮರಾಠಿಯಲ್ಲಿ ಕೇಳಿದರು. ಅಲ್ಲ, ಹೆಂಗಸರ ಕಾರ್ ರ‍್ಯಾಲಿ ಎಂದೆ. 'ಅದಕ್ಕೆ ನೀವ್ಯಾಕೆ ಗುಲಾಬಿ ಬಣ್ಣ ಹಾಕಿದ್ದೀರಿ?' ಎಂದು ನಕ್ಕು ಹೋದರು.

ನಾನು ಹಿಂಜವಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷದ ಮೇಲಾಯಿತು. ಕಾರು ಓಟದ ಹುಚ್ಚು ನನಗಿಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬರು, 'ಸ್ತನ ಕ್ಯಾನ್ಸರ್ ಸಹಾಯಕ್ಕಾಗಿ ರ‍್ಯಾಲಿ ಮಾಡುತ್ತಿದ್ದೇವೆ. ಮಾರ್ಷಲ್‌ಗಳು ಬೇಕು. ಗಡಿಯಾರ ನೋಡಿ ಬರೆದುಕೊಳ್ಳಲು ಬಂದರೆ ಸಾಕು' ಎಂದು ಕರೆದಾಗ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಕಾರಣ ಬೇರೆ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ವೇಗದ ಆಟವಲ್ಲ

ರ‍್ಯಾಲಿ ಎಂದರೆ ಧೂಳೆಬ್ಬಿಸಿಕೊಂಡು ಓಡುವ ಕಾರು ಎಂದು ನಾನೂ ತಿಳಿದಿದ್ದೆ. ಇದು ಹಾಗಲ್ಲ. ಇದಕ್ಕೆ ಟಿಎಸ್‌ಡಿ ಎನ್ನುತ್ತಾರೆ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಮಾಮೂಲಿ ರಸ್ತೆಯಲ್ಲಿ, ಮಾಮೂಲಿ ಕಾರಿನಲ್ಲಿ, ಸಂಚಾರ ನಿಯಮ ಮೀರದೆ ಆಡುವ ಆಟ. ಹೊರಡುವ ಮುಂಚೆ ಪ್ರತಿ ತಂಡಕ್ಕೂ ಒಂದು ರೋಡ್ ಬುಕ್ ಕೊಡುತ್ತಾರೆ. ಎಲ್ಲಿ ತಿರುಗಬೇಕು, ಯಾವ ದೂರಕ್ಕೆ ಎಷ್ಟು ಸರಾಸರಿ ವೇಗ ಎಂಬುದೆಲ್ಲ ಅದರಲ್ಲಿ ಪುಟ್ಟ ಚಿತ್ರಗಳಲ್ಲಿ ಇರುತ್ತದೆ. ಒಬ್ಬರು ಓಡಿಸಬೇಕು, ಪಕ್ಕದವರು ಲೆಕ್ಕ ಹಾಕಿ ದಾರಿ ಹೇಳಬೇಕು. ಎಂಟು ಕಿಲೋಮೀಟರ್ ದೂರಕ್ಕೆ ಗಂಟೆಗೆ 32 ಕಿಲೋಮೀಟರ್ ವೇಗ ಕೊಟ್ಟಿದ್ದರೆ, ಏಳಕ್ಕೆ ಹೊರಟ ಕಾರು ಏಳೂಕಾಲಿಗೆ ಸರಿಯಾಗಿ ಅಲ್ಲಿರಬೇಕು.

ನನ್ನಂಥ ಮಾರ್ಷಲ್‌ಗಳು ದಾರಿಯಲ್ಲಿ ಎಲ್ಲಿ ಕೂತಿರುತ್ತೇವೆ ಎಂಬುದು ಸ್ಪರ್ಧಿಗಳಿಗೆ ಗೊತ್ತಿರುವುದಿಲ್ಲ. ತಡವಾಗಿ ಬಂದರೆ ಸೆಕೆಂಡ್ ಲೆಕ್ಕದಲ್ಲಿ ದಂಡ. ಬೇಗ ಬಂದರೂ ದಂಡ. ಹಲವು ರ‍್ಯಾಲಿಗಳಲ್ಲಿ ಬೇಗ ಬಂದವರಿಗೇ ದಂಡ ಜಾಸ್ತಿ. ಜೋರಾಗಿ ಓಡಿಸಿ ಗೆಲ್ಲುವ ಆಸೆಯನ್ನು ಮೊದಲೇ ಕತ್ತರಿಸಿಬಿಡುವ ಉಪಾಯ ಅದು.

ಎಂಜಿನಿಯರ್ ಬುದ್ಧಿ ಸುಮ್ಮನಿರುತ್ತದೆಯೇ? ಮಾರ್ಷಲ್‌ಗಳೆಲ್ಲ ಫೋನಿನಲ್ಲೇ ಸಮಯ ದಾಖಲಿಸುವಂಥ ಆ್ಯಪ್ ಮಾಡಿಕೊಡುತ್ತೇನೆ ಎಂದು ಹಿಂದಿನ ವಾರದ ಸಭೆಯಲ್ಲಿ ಹೇಳಿದ್ದೆ. ರ‍್ಯಾಲಿಯ ಮುಖ್ಯಸ್ಥೆ ತಾಳ್ಮೆಯಿಂದ ಎಲ್ಲ ಕೇಳಿ, 'ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ. ಕಾಗದ, ಪೆನ್ನು ತಗೊಂಡು ಬನ್ನಿ. ಎರಡು ಪೆನ್ನು' ಎಂದರು.

ಅವರಿಗೆ ಐವತ್ತೈದರ ಮೇಲೆ. ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು. ಎಲ್ಲರೂ ಅವರನ್ನು 'ತಾಯಿ' ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ ಎಂದು ಗೊತ್ತಿದ್ದರೂ ನನ್ನ ಕನ್ನಡದ ಕಿವಿಗೆ ಅದು ಪ್ರತಿ ಸಲವೂ ಬೇರೆಯಾಗಿಯೇ ಕೇಳುತ್ತಿತ್ತು. ಒಂಬತ್ತು ವರ್ಷಗಳ ಹಿಂದೆ ಅವರಿಗೇ ಸ್ತನ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದ ಮೇಲೆ ಮೊದಲ ಸಲ ಒಬ್ಬರೇ ಕಾರು ಓಡಿಸಿಕೊಂಡು ಮುಳಶಿ ಕೆರೆಯ ತನಕ ಹೋಗಿ ಬಂದರಂತೆ. ರ‍್ಯಾಲಿಯ ಯೋಚನೆ ಹುಟ್ಟಿದ್ದು ಆಗ.

ಕಾರಿಗೂ ಕ್ಯಾನ್ಸರಿಗೂ ಏನು ನಂಟು?

ಈ ನಂಟು ಪುಣೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಷಾರ್ಲೆಟ್ ಮೋಟಾರ್ ಸ್ಪೀಡ್‌ವೇಯಲ್ಲಿ ಅಕ್ಟೋಬರ್ ರೇಸಿಗೆ ಮುಂಚೆ, ಸ್ತನ ಕ್ಯಾನ್ಸರ್‌ನಿಂದ ಗುಣವಾದ ಮಹಿಳೆಯರು ಚಾಲಕರ ಜೊತೆ ನಿಂತು ಪಿಟ್ ಗೋಡೆಗೆ ಗುಲಾಬಿ ಬಣ್ಣ ಬಳಿಯುವ ಪದ್ಧತಿ ಇದೆ. 2014ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಬ್ರಿಟನ್ನಿನ ಪಿಪ್ಪಾ ಮ್ಯಾನ್ ಸೂಸನ್ ಜಿ. ಕೋಮೆನ್ ಸಂಸ್ಥೆಯ ಹೆಸರು ಹೊತ್ತ ಗುಲಾಬಿ ಕಾರು ಓಡಿಸಿದರು. ನಮ್ಮಲ್ಲಿ ಮುಂಬೈ ಕಡೆಯ ನೂರಾರು ಮಹಿಳೆಯರು ಲವಾಸಾ ವುಮೆನ್ಸ್ ಡ್ರೈವ್ ಹೆಸರಿನಲ್ಲಿ ಘಾಟಿ ಹತ್ತಿ ಬಂದದ್ದು ಇದೇ ಕಾಯಿಲೆಯ ಬಗ್ಗೆ ಅರಿವು ಮೂಡಿಸಲು.

ಆದರೂ ನನಗೊಂದು ಅನುಮಾನ ಇತ್ತು. ಸ್ವಂತ ಕಾರು ಓಡಿಸುವ, ಇಂಗ್ಲಿಷ್ ಬಲ್ಲ, ವಿಮೆ ಇರುವ ಹೆಂಗಸರಿಗೆ ಗುಲಾಬಿ ಬಲೂನು ಕಟ್ಟಿ ಯಾವ ಅರಿವು ಮೂಡಿಸುವುದು? ಅವರಿಗೆ ಇದೆಲ್ಲ ಗೊತ್ತೇ ಇರುತ್ತದಲ್ಲ ಎಂದು ತಾಯಿಯವರನ್ನೇ ಕೇಳಿದೆ.

'ಗೊತ್ತಿರುತ್ತದೆ. ತೋರಿಸಿಕೊಂಡಿರುವುದಿಲ್ಲ' ಎಂದರು. 'ಉಪನ್ಯಾಸ ಇಟ್ಟರೆ ಇಪ್ಪತ್ತು ಜನ ಬರುತ್ತಾರೆ. ಕಾರು ಓಡಿಸಲು ಕರೆದರೆ ಗೆಳತಿಯರನ್ನೂ ಕರೆದುಕೊಂಡು ಬರುತ್ತಾರೆ. ಊಟಕ್ಕೆ ಮುಂಚೆ ಡಾಕ್ಟರ್ ಹತ್ತು ನಿಮಿಷ ಮಾತಾಡುತ್ತಾರೆ. ಅಷ್ಟು ಹೊತ್ತು ಕೂರಲೇಬೇಕು. ಅವರು ಕೊಡುವ ಪ್ರವೇಶ ಶುಲ್ಕದಲ್ಲಿ ಒಂದು ರೂಪಾಯಿಯೂ ಟೀ ಶರ್ಟಿಗೆ ಹೋಗುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ ಮುಂದಿನ ಭಾನುವಾರ ಬನ್ನಿ.'

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ 0.9 ಮಾತ್ರ. ನೂರಕ್ಕೆ ಒಬ್ಬರೂ ಇಲ್ಲ. ಇನ್ನೊಂದು ಕಡೆ, 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡವರು ಸುಮಾರು 1.92 ಲಕ್ಷ, ಅದರಿಂದ ತೀರಿಕೊಂಡವರು ಸುಮಾರು 98 ಸಾವಿರ.

ಮೂವತ್ತು ಭಾನುವಾರ

ಈಗ ನನ್ನ ಕಾರಣ ಹೇಳುತ್ತೇನೆ. ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿ. ಪ್ರತಿ ಭಾನುವಾರ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡುತ್ತೇನೆ. 'ಆರಾಮ ಅದಿಯೇನಬೇ?' 'ಆರಾಮ ಅದೀನಿ. ನೀವು ಉಂಡ್ರ್ಯಾ?' ಮಳೆ, ಜೋಳದ ರೇಟು, ಮೊಮ್ಮಗಳ ಶಾಲೆ. ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಹೊರನಾಡಿನಲ್ಲಿರುವ ನಮ್ಮ ಬಹಳ ಜನರ ಭಾನುವಾರ ಹೀಗೇ ಇರುತ್ತದೆ.

ನಾಲ್ಕು ವರ್ಷಗಳ ಹಿಂದೆ ಯುಗಾದಿಯ ಆಸುಪಾಸಿನಲ್ಲಿ ಅವ್ವನ ಕೈಗೆ ಎಡಗಡೆ ಒಂದು ಗಂಟು ಹತ್ತಿತು. ಅದು ನಮಗೆ ಗೊತ್ತಾದದ್ದು ದೀಪಾವಳಿಗೆ ಊರಿಗೆ ಹೋದಾಗ. ಅದೂ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿದ್ದರಿಂದ. ನಡುವೆ ಏಳು ತಿಂಗಳು. ಸುಮಾರು ಮೂವತ್ತು ಭಾನುವಾರ ಅವ್ವ ನನಗೆ 'ಆರಾಮ ಅದೀನಿ' ಎಂದಿದ್ದಳು.

'ಮೊದಲ ಯಾಕ ಹೇಳಲಿಲ್ಲ?' ಎಂದು ನಾನು ಸಿಟ್ಟು ಮಾಡಿದೆ. 'ನೋವ ಇದ್ದಿದ್ರ ಹೇಳ್ತಿದ್ನೆಪಾ. ನೋವ ಇರಲಿಲ್ಲ' ಎಂದಳು. ಸ್ವಲ್ಪ ತಡೆದು, 'ಗಂಡಮಗನ ಮುಂದ ಹೆಂಗ ಹೇಳ್ಲಿ?' ಎಂದಳು. ಅಪ್ಪನಿಗೂ ಹೇಳಿರಲಿಲ್ಲ. ಗದಗಿನಲ್ಲಿರುವ ಅಕ್ಕನಿಗೂ ಹೇಳಿರಲಿಲ್ಲ.

ನೋವಿಲ್ಲದ ಗಂಟೇ ಹೆಚ್ಚು ಎಚ್ಚರ ವಹಿಸಬೇಕಾದ್ದು ಎಂದು ಆಮೇಲೆ ಹುಬ್ಬಳ್ಳಿಯ ಡಾಕ್ಟರ್ ಹೇಳಿದರು. ಕಾಯಿಲೆ ಕಂಕುಳಿಗೂ ಹರಡಿತ್ತು. ಇಡೀ ಸ್ತನ ತೆಗೆಯಬೇಕಾಯಿತು. ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಅವ್ವ ಉಳಿದಳು. ಆದರೆ ಎಡಗೈ ಬಾತುಕೊಳ್ಳುತ್ತದೆ. ತುಂಬಿದ ಕೊಡ ಎತ್ತಲಾಗುವುದಿಲ್ಲ, ರೊಟ್ಟಿ ಬಡಿದರೆ ಸಂಜೆಗೆ ಕೈ ಭಾರವಾಗುತ್ತದೆ. ಯುಗಾದಿಗೇ ಹೇಳಿದ್ದರೆ ಇಷ್ಟು ಅನುಭವಿಸಬೇಕಾಗಿರಲಿಲ್ಲವೇನೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ತಪ್ಪು ಅವ್ವನದು ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಹೊಳೆದದ್ದು, ಆ ಮೂವತ್ತು ಭಾನುವಾರಗಳಲ್ಲಿ ನಾನೂ ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಮುಂದಿನ ಭಾನುವಾರ

ರ‍್ಯಾಲಿ ಚೆನ್ನಾಗಿಯೇ ಆಯಿತು. ಅರವತ್ತಕ್ಕೂ ಹೆಚ್ಚು ಕಾರುಗಳು ನನ್ನ ಆಲದ ಮರ ದಾಟಿ ಹೋದವು. ಬಹುಮಾನ ಹಂಚುವಾಗ ಫೋಟೊ ತೆಗೆಸಿಕೊಂಡವರು ಸ್ಪರ್ಧಿಗಳು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ದಾರಿ ಪರೀಕ್ಷಿಸಿದವರು, ಪ್ರತಿ ಕಾರಿನ ಕಾಗದಪತ್ರ, ಸೀಟ್ ಬೆಲ್ಟ್, ಸ್ಟೆಪ್ನಿ ನೋಡಿದವರು, ಎಲ್ಲರಿಗಿಂತ ಹಿಂದೆ ಬಂದು ಕೆಟ್ಟು ನಿಂತ ಕಾರುಗಳನ್ನು ಎಳೆಸಿದ ಗ್ಯಾರೇಜಿನ ಇಬ್ಬರು ಹುಡುಗರು ಆ ಫೋಟೊದಲ್ಲಿ ಇರಲಿಲ್ಲ.

ಇವರಲ್ಲಿ ಬಹುತೇಕರು ಮುಂದಿನ ಭಾನುವಾರ ವಾಕಡ್ ಹತ್ತಿರದ ಕಟ್ಟಡ ಕಾರ್ಮಿಕರ ವಸತಿಯಲ್ಲಿ ಹಾಜರಿದ್ದರು. ಪ್ರವೇಶ ಶುಲ್ಕದ ಹಣದಲ್ಲಿ ಅಲ್ಲಿ ತಪಾಸಣಾ ಶಿಬಿರ ಇತ್ತು. ತಗಡಿನ ಶೆಡ್ಡಿನೊಳಗೆ ಸೀರೆ ಅಡ್ಡ ಕಟ್ಟಿ ಜಾಗ ಮಾಡಿದ್ದರು. ಒಬ್ಬ ಲೇಡಿ ಡಾಕ್ಟರ್, ಇಬ್ಬರು ನರ್ಸ್. ಯಂತ್ರ ಇಲ್ಲ. ತರಬೇತಿ ಪಡೆದ ಕೈಯಿಂದ ಮುಟ್ಟಿ ನೋಡುವುದು, ಅನುಮಾನ ಬಂದವರನ್ನು ಮ್ಯಾಮೊಗ್ರಾಂ, ಸ್ಕ್ಯಾನಿಂಗಿಗೆ ಕಳಿಸುವುದು.

ಬರೀ ಕೈಯಿಂದ ನೋಡಿದರೆ ಸಾಕೇ ಎಂದು ಕೇಳಿದ್ದಕ್ಕೆ ಡಾಕ್ಟರ್ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಅಧ್ಯಯನದ ಬಗ್ಗೆ ಹೇಳಿದರು. 1998ರಲ್ಲಿ ಶುರುವಾದ ಆ ಅಧ್ಯಯನದಲ್ಲಿ ಮುಂಬೈನ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರು ಇದ್ದರು. ಅವರಲ್ಲಿ ಅರ್ಧದಷ್ಟು ಜನರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸುತ್ತಿದ್ದರು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಪರೀಕ್ಷಿಸಿದ ಗುಂಪಿನಲ್ಲಿ ಕ್ಯಾನ್ಸರ್ ಇನ್ನೂ ಮೊದಲ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಸಾವಿನ ಪ್ರಮಾಣ ಅಂಥ ವ್ಯತ್ಯಾಸ ತೋರಿಸಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಶಿಬಿರಕ್ಕೆ ನನ್ನನ್ನು ಕರೆದದ್ದು ಯಾಕೆಂದು ಅಲ್ಲಿ ಹೋದ ಮೇಲೆ ತಿಳಿಯಿತು. ಆ ಶೆಡ್ಡುಗಳಲ್ಲಿ ಇದ್ದವರಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ನರ್ಸ್ ಹೇಳುವ ಮರಾಠಿ ಅವರಿಗೆ ಅಷ್ಟಕ್ಕಷ್ಟೆ. 'ನೀವು ಕನ್ನಡದಲ್ಲಿ ಹೇಳಿ' ಎಂದು ತಾಯಿಯವರು ನನ್ನನ್ನು ಮುಂದೆ ನಿಲ್ಲಿಸಿದರು.

ಬಾಯಿ ಒಣಗಿತು. ಪುಸ್ತಕದ ಶಬ್ದ ಹೇಳಿದರೆ ಅವರಿಗೆ ಹೊಂದುವುದಿಲ್ಲ, ಆಡುಮಾತಿನ ಶಬ್ದ ನನ್ನ ನಾಲಿಗೆಗೆ ಬರುತ್ತಿಲ್ಲ. ಹಿರಿಯ ಹೆಂಗಸೊಬ್ಬರು, 'ಎಪ್ಪಾ, ನೀ ಗಂಡಸು. ಇದನ್ನೆಲ್ಲಾ ನೀ ಯಾಕ ಹೇಳಾಕತ್ತಿ?' ಎಂದರು. ಉಳಿದವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಗ ಬೇರೇನೂ ತೋಚದೆ, 'ನಮ್ಮವ್ವಗ ಎದಿಯಾಗ ಗಂಟ ಆಗಿತ್ರೀ. ಏಳು ತಿಂಗಳ ಯಾರಿಗೂ ಹೇಳಲಿಲ್ಲ' ಎಂದು ಶುರು ಮಾಡಿದೆ. ನಗು ನಿಂತಿತು. ಗಂಟು, ಚರ್ಮ ಒಳಕ್ಕೆ ಎಳೆದಂತಾಗುವುದು, ತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ತೋರಿಸಬೇಕು, ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರ್ ಎಂದು ಹೇಳಿ ಮುಗಿಸಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ನನ್ನನ್ನು ಪ್ರಶ್ನಿಸಿದ ಹಿರಿಯರೇ ಮೊದಲು ಎದ್ದು ಸೀರೆಯ ಪರದೆ ಸರಿಸಿ ಒಳಗೆ ಹೋದರು.

ಆ ದಿನ ಮೂವರಿಗೆ ಮುಂದಿನ ಪರೀಕ್ಷೆ ಬೇಕೆಂದರು. ಇಂಥವರಲ್ಲಿ ಬಹಳ ಜನ ಆಸ್ಪತ್ರೆಗೆ ಹೋಗುವುದೇ ಇಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಆಸ್ಪತ್ರೆಯಲ್ಲಿ ಯಾವ ಕಿಟಕಿಗೆ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ. ರ‍್ಯಾಲಿಯ ಹೆಂಗಸರು ಇಲ್ಲಿ ಬೇಕಾಗುತ್ತಾರೆ. ಮಂಗಳವಾರ ಬೆಳಿಗ್ಗೆ ಮೂವರು ಸ್ಪರ್ಧಿಗಳು ಆಫೀಸಿಗೆ ರಜೆ ಹಾಕಿ, ರ‍್ಯಾಲಿಯಲ್ಲಿ ಓಡಿಸಿದ ಕಾರನ್ನೇ ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಕೂಲಿಯ ಹಣವನ್ನು ಶುಲ್ಕದ ನಿಧಿಯಿಂದ ಕೊಟ್ಟರು. ವರದಿ ಕೈಗೆ ಬರುವ ತನಕ ಜೊತೆಗಿದ್ದರು. ಇಬ್ಬರದು ಏನೂ ಅಲ್ಲದ ಗಂಟು. ಒಬ್ಬರಿಗೆ ಚಿಕಿತ್ಸೆ ಶುರುವಾಗಿದೆ. ಮೊದಲ ಹಂತದಲ್ಲೇ ಸಿಕ್ಕಿದೆ ಎಂದು ತಾಯಿಯವರು ಮೆಸೇಜ್ ಹಾಕಿದ್ದರು.

ಗುಲಾಬಿ ಬಲೂನಿನ ಬಗ್ಗೆ ನನ್ನ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ. ಭಾನುವಾರದ ಮೆರವಣಿಗೆಗೇ ಮುಗಿಯುವ ರ‍್ಯಾಲಿಯಿಂದ ಯಾರ ಗಂಟೂ ಪತ್ತೆಯಾಗುವುದಿಲ್ಲ. ಮಂಗಳವಾರಕ್ಕೆ ಕಾರು ತರುವವರು ಇದ್ದರೆ ಮಾತ್ರ ಅದಕ್ಕೆ ಅರ್ಥ. 30 ದಾಟಿದ ಮಹಿಳೆಯರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕೆಂದು ಕೇಂದ್ರ ಸರ್ಕಾರವೇ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಮ್ಮೂರಿನ ಆರೋಗ್ಯ ಕೇಂದ್ರದಲ್ಲೂ ಅದನ್ನು ಕೇಳಬಹುದು. ಕೇಳಲು ಮನೆಯಲ್ಲಿ ಯಾರಾದರೂ ಮೊದಲು ಬಾಯಿ ಬಿಡಬೇಕು ಅಷ್ಟೆ. ದೂರದಲ್ಲಿರುವ ನಮಗೆ ಕೊಡ ಎತ್ತಿಕೊಡಲು ಆಗುವುದಿಲ್ಲ. ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲು ಆಗುತ್ತದೆ.

ಶಿಬಿರ ಮುಗಿಸಿ ಮನೆಗೆ ಬಂದ ಸಂಜೆ ಗದಗಿಗೆ ಫೋನ್ ಮಾಡಿದೆ. ಅಕ್ಕನಿಗೆ ಈಗ ನಲವತ್ತೆರಡು. ಅವ್ವನಿಗೆ ಬಂದಿದ್ದರಿಂದ ಅವಳು ಇನ್ನಷ್ಟು ಎಚ್ಚರವಾಗಿರಬೇಕು. ಇಷ್ಟು ವರ್ಷ ಇದನ್ನು ಅವಳಿಗೆ ನಾನು ಹೇಳಿರಲೇ ಇಲ್ಲ. 'ಅಕ್ಕಾ, ನೀ ಒಮ್ಮೆರೆ ಎದಿ ತೋರಿಸ್ಕೊಂಡಿಯೇನ?' ಎಂದು ಕೇಳಿಬಿಟ್ಟೆ. ಆ ಕಡೆ ಮಾತಿಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

'ಇಲ್ಲೋ' ಎಂದಳು. 'ಬರೋ ಬುಧವಾರ ಅವ್ವನ್ನ ಚೆಕಪ್ಪಿಗೆ ಹುಬ್ಬಳ್ಳಿಗೆ ಕರ್ಕೊಂಡ ಹೊಂಟೀನಿ. ನಾನೂ ತೋರಿಸ್ಕೊಂಡ ಬರ್ತೀನಿ ತಗೋ.'

ಬುಧವಾರ ಮಧ್ಯಾಹ್ನ ಮತ್ತೆ ಫೋನ್ ಮಾಡಿದೆ. ತೋರಿಸಿಕೊಂಡು ಬಂದಿದ್ದಳು.