ಮೈಯ ತೂಕವೂ ಮೈಯ ಕೊಬ್ಬೂ

ಶಿರಸಿಯ ಅಡಕೆ ಪೇಟೆಯಲ್ಲಿ ಮೂಟೆಯನ್ನು ತೂಗಿದ ಮಾತ್ರಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಒಳಗಿರುವುದು ರಾಶಿಯೋ, ಬೆಟ್ಟೆಯೋ, ಚಾಲಿಯೋ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮಾತು. ನಮ್ಮ ಮೈಯ ವಿಷಯದಲ್ಲಾದರೋ ತೂಕದ ಯಂತ್ರದ ಮುಳ್ಳೊಂದನ್ನೇ ನಂಬಿಬಿಡುತ್ತೇವೆ. ಆ ಮುಳ್ಳು ಎಲುಬು, ಮಾಂಸ, ನೀರು, ಕೊಬ್ಬು ಎಲ್ಲವನ್ನೂ ಒಟ್ಟಾಗಿ ತೂಗುತ್ತದೆಯಲ್ಲದೆ ಯಾವುದೆಷ್ಟೆಂದು ಹೇಳಲಾರದು.

2004ರಲ್ಲಿ ಪುಣೆಯ ವೈದ್ಯರಾದ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮಿಬ್ಬರ ಭಾವಚಿತ್ರಗಳನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಎತ್ತರಕ್ಕೆ ಹೊಂದಿಸಿ ಲೆಕ್ಕಹಾಕಿದ ತೂಕದ ಸೂಚಿ ಇಬ್ಬರಿಗೂ 22.3. ಕ್ಷಕಿರಣಗಳಿಂದ ಅಳೆದಾಗ ಮಾತ್ರ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಭಾಗ, ಯಾಜ್ಞಿಕರ ಮೈಯಲ್ಲಿ 21.2! ಕೈಕಾಲು ಸಣಕಲಾಗಿದ್ದು ಹೊಟ್ಟೆ ಮುಂದೆ ಬಂದವರನ್ನು ನಮ್ಮ ಸೀಮೆಯಲ್ಲಿ ಹುಡುಕಬೇಕಾಗಿಲ್ಲ. ಸಿಹಿಮೂತ್ರರೋಗ ಅಂಥವರನ್ನು ಸದ್ದಿಲ್ಲದೆ ಹಿಡಿಯುತ್ತದೆ.

ನೀರಿನಲ್ಲಿ ಮುಳುಗಿಸಿ ತೂಗುವುದು, ಚರ್ಮದ ಮಡಿಕೆಯನ್ನು ಚಿಮುಟದಿಂದ ಹಿಡಿದು ದಪ್ಪ ನೋಡುವುದು ಮೊದಲಾದ ಕ್ರಮಗಳೂ ಉಂಟು. ಅವು ಪಳಗಿದ ಕೈಗಳ ಕೆಲಸ. ಗೃಹಸ್ಥರಿಗೆ ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ (ಇದೇ ಕಷ್ಟವಾದ ಭಾಗ!) ಅಳೆಯಬೇಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಮುಟ್ಟಿತೆಂದರೆ ಎಚ್ಚರದ ಗೆರೆ.

ಇನ್ನು ಊಟ. ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳ ಅಡುಗೆ ಗುಡ್ಡ ಹತ್ತಿ ಇಳಿಯುವವರಿಗಾಗಿ ಹುಟ್ಟಿದ್ದು. ಇಂದು ಅಂಗಳದಿಂದ ತೋಟಕ್ಕೆ ಬೈಕು ಹೋಗುತ್ತದೆ. ಕೊನೆಗೌಡರು ನೆಲದ ಮೇಲೆಯೇ ನಿಂತು ಉದ್ದನೆಯ ದೋಟಿಯಿಂದ ಕೊನೆ ಇಳಿಸುವುದೂ ಬಂದಿದೆ. ಅನ್ನದ ರಾಶಿ ಮಾತ್ರ ತಗ್ಗಿಲ್ಲ. ಹೀಗಿರುತ್ತ, ಹೊಟ್ಟೆ ಕರಗಿಸಹೊರಟವರು ಒಮ್ಮೆಲೇ ರಾತ್ರಿಯೂಟವನ್ನೇ ಬಿಟ್ಟುಬಿಡುತ್ತಾರೆ. ಮೊದಲ ವಾರ ತೂಕ ಇಳಿಯುತ್ತದೆ, ಆನಂದವಾಗುತ್ತದೆ. ಹೋದದ್ದು ಬಹುಪಾಲು ನೀರು. ಹಟ ಮುಂದುವರಿದರೆ ಮಾಂಸವೂ ಕರಗುತ್ತದೆ. ಮತ್ತೆ ಉಣತೊಡಗಿದಾಗ ಕೊಬ್ಬು ಬೇಗ ಮರಳುತ್ತದೆ, ಮಾಂಸ ಹಾಗೆ ಮರಳುವುದಿಲ್ಲ. ಏಕಾದಶಿಯ ಫಲಾಹಾರವು ಎಷ್ಟೋ ವೇಳೆ ಊಟವನ್ನು ಮೀರಿಸುವುದರಿಂದ ಆ ಉಪವಾಸದ ಮಾತನ್ನು ನಾನೆತ್ತುವುದಿಲ್ಲ.

ಒಂದು ಗ್ರಾಮು ಕೊಬ್ಬಿನಲ್ಲಿ 9 ಕ್ಯಾಲರಿ, ಪಿಷ್ಟದಲ್ಲಿಯೂ ಸಸಾರಜನಕದಲ್ಲಿಯೂ 4. ದಿನದ ಆಹಾರದಲ್ಲಿ ಸುಮಾರು 500 ಕ್ಯಾಲರಿ ತಗ್ಗಿಸಿದರೆ ವಾರಕ್ಕೆ ಅರ್ಧ ಕಿಲೋ ಇಳಿಯುವುದುಂಟು. ಅದು ಸಾಕಾದ ವೇಗ. ಅನ್ನವನ್ನು ಮೂರನೆಯ ಒಂದು ಪಾಲು ಕಡಿಮೆಮಾಡಿ, ಆ ಜಾಗಕ್ಕೆ ಬೇಳೆ, ಹೆಸರುಕಾಳು, ಪಲ್ಯ ಬರಲಿ. ಒಂದೆಲಗದ ತಂಬುಳಿಯನ್ನು ಬಿಡಬೇಕಾಗಿಲ್ಲ. ರುಬ್ಬುವ ಕಾಯಿಯನ್ನು ಅರ್ಧ ಮಾಡಿ ಮಜ್ಜಿಗೆಯನ್ನು ಹೆಚ್ಚಿಸಿದರಾಯಿತು. ತೆಳ್ಳನೆಯ ಅಪ್ಪೆಹುಳಿಯಂತೂ ನಿರಪರಾಧಿ. ತೊಡೆದೇವು ನೋಡಲು ಕಾಗದದಷ್ಟು ತೆಳುವಾದರೂ ಮೇಲಿನ ತುಪ್ಪವನ್ನು ಲೆಕ್ಕಕ್ಕೆ ಹಿಡಿಯಬೇಕು. ಸಿಹಿಮೂತ್ರಕ್ಕೆ ಮದ್ದು ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಕೂಡದು.

ತೋಟಕ್ಕೆ ನಡೆದೇ ಹೋಗಿ. ಟೇಪನ್ನು ತಿಂಗಳಿಗೊಮ್ಮೆ, ಬೆಳಗ್ಗೆ, ಬರಿಹೊಟ್ಟೆಯಲ್ಲಿ ಹಿಡಿಯಿರಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿದು ಬಂದ ಮರುದಿನವೇ ಬೇಡ.